ಕೆನ್ನೆಗೆ ಹಿಡಿದು ನೋಡು

ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂಬದಿಯಲ್ಲಿ ನಮ್ಮದೊಂದು ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ ಇತ್ತು. ಅಪ್ಪ ಶುರು ಮಾಡಿದ್ದು, ತೊಂಬತ್ತರ ದಶಕದಲ್ಲಿ ನನ್ನ ಕೈಗೆ ಬಂತು. ಟ್ರ್ಯಾಕ್ಟರಿನ ಬ್ಯಾಟರಿ, ಲಾರಿಯ ಬ್ಯಾಟರಿ, ಕರೆಂಟನ್ನು ನೆಚ್ಚಿಕೊಳ್ಳಲಾಗದ ಹಳ್ಳಿಗಳಲ್ಲಿ ಟೀವಿ ನೋಡಲೆಂದು ಇಟ್ಟುಕೊಂಡ ಬ್ಯಾಟರಿ, ಎಲ್ಲವೂ ಅಲ್ಲಿಗೇ ಬರುತ್ತಿದ್ದವು. ತೊಗರ್ಸಿಯವರು ಬಸ್ಸಿನಲ್ಲಿ ಕಾಲ ಸಂದಿಯಲ್ಲಿಟ್ಟುಕೊಂಡು ತಂದರೆ ಬಳ್ಳಿಗಾವಿಯವರು ಸೈಕಲ್ಲಿನ ಕ್ಯಾರಿಯರಿಗೆ ಹಗ್ಗ ಬಿಗಿದು ತರುತ್ತಿದ್ದರು. ಬೆಂಚಿನ ಮೇಲೆ ಸಾಲಾಗಿ ಕೂರಿಸಿ, ಮುಚ್ಚಳ ಬಿಚ್ಚಿ, ವೈರು ಸಿಕ್ಕಿಸಿದರೆ ಒಳಗೆ ಆಸಿಡ್ಡು ಸಣ್ಣಗೆ ಗುಳುಗುಳು ಅನ್ನುತ್ತಿತ್ತು. ಆ ಸದ್ದು ಕೇಳಿಯೇ ಯಾವ ಬ್ಯಾಟರಿ ಎಷ್ಟು ಹೊತ್ತಿಗೆ ತುಂಬುತ್ತದೆ ಎಂದು ಹೇಳಬಲ್ಲವನಾಗಿದ್ದೆ. ಆ ಬಗ್ಗೆ ನನಗೆ ವಿಪರೀತ ಜಂಬವಿತ್ತು.

ಜಂಬದ ಜೊತೆಗೆ ಬಾಯಿಯೂ ಜೋರು. ಡಿಸ್ಟಿಲ್ಡ್ ವಾಟರ್ ಬದಲು ಬಾವಿ ನೀರು ಹಾಕಿಕೊಂಡು ಬಂದವರನ್ನು ಅಂಗಡಿಯ ಮುಂದೆ ನಿಲ್ಲಿಸಿ, ನಾಲ್ಕು ಜನ ಕೇಳುವ ಹಾಗೆ ಬೈಯುತ್ತಿದ್ದೆ. ಬೆಂಚಿನ ಹತ್ತಿರ ಬೀಡಿ ಹಚ್ಚಿದವರ ಬಾಯಿಂದಲೇ ಬೀಡಿ ಕಿತ್ತು ಚರಂಡಿಗೆ ಎಸೆದಿದ್ದೂ ಉಂಟು. ಚಾರ್ಜ್ ಆಗುವಾಗ ಬರುವ ಗಾಳಿಗೆ ಕಿಡಿ ತಾಗಿದರೆ ಬ್ಯಾಟರಿ ಸಿಡಿಯುತ್ತದೆ, ನಾನು ಹೇಳಿದ್ದು ತಪ್ಪೇನೂ ಅಲ್ಲ. ಜನ ನನ್ನ ಬೆನ್ನ ಹಿಂದೆ ‘ಬ್ಯಾಟರಿ ಮೇಷ್ಟ್ರು’ ಎಂದು ನಗುತ್ತಿದ್ದರು. ನಾನೋ, ಅದನ್ನು ಬಿರುದು ಎಂದುಕೊಂಡು ಓಡಾಡಿದೆ.

ಅಪ್ಪನಿಂದ ನನಗೆ ಎರಡು ರೂಢಿಗಳು ಬಂದಿದ್ದವು. ಆಯುಧ ಪೂಜೆಗೆ ಖಾಲಿ ಬ್ಯಾಟರಿ ಇಡಬಾರದು ಎನ್ನುವುದು ಒಂದು. ಎಣ್ಣೆಯಿಲ್ಲದ ದೀಪವನ್ನು ದೇವರ ಮುಂದೆ ಇಡುತ್ತೇವೆಯೇ ಎಂದು ಅಪ್ಪ ಕೇಳುತ್ತಿದ್ದ. ಹಾಗಾಗಿ ಹಿಂದಿನ ದಿನವೇ ಅಂಗಡಿಯಲ್ಲಿರುವ ಎಲ್ಲವನ್ನೂ, ಟಾರ್ಚಿನದನ್ನೂ ಬಿಡದೆ, ತುಂಬಿಸಿ ಪೂಜೆಗೆ ಕೂರಿಸುತ್ತಿದ್ದೆವು. ಇನ್ನೊಂದು, ಬ್ಯಾಟರಿಯ ಬಿಸಿ ನೋಡುವುದು ಕೆನ್ನೆಯಿಂದ. ವರ್ಷಗಟ್ಟಲೆ ಆಸಿಡ್ ತಿಂದ ಬೆರಳು ಹಲಸಿನಕಾಯಿಯ ಸಿಪ್ಪೆಯ ಹಾಗೆ ಒರಟಾಗಿರುತ್ತದೆ, ಅದಕ್ಕೆ ಉಗುರುಬೆಚ್ಚಗಿನದು ಗೊತ್ತೇ ಆಗುವುದಿಲ್ಲ. ದೊಡ್ಡ ಬ್ಯಾಟರಿಯಾದರೆ ಬಗ್ಗಿ ಕೆನ್ನೆ ತಾಗಿಸುವುದು, ಚಿಕ್ಕದಾದರೆ ಎತ್ತಿ ಕೆನ್ನೆಗೆ ಹಿಡಿಯುವುದು. ನೋಡಿದವರಿಗೆ ನಗು ಬರುತ್ತಿತ್ತು. ನಮಗೆ ಅದೇ ಥರ್ಮಾಮೀಟರು.

ನನ್ನ ಅಕ್ಕನನ್ನು ಸೊರಬಕ್ಕೆ ಕೊಟ್ಟಿದ್ದರು. ಭಾವನದು ಫೋಟೊ ಸ್ಟುಡಿಯೊ. ಮನೆಯ ಮುಂದಿನ ಕೋಣೆಯೇ ಸ್ಟುಡಿಯೊ, ಹಿಂದೆ ಸಂಸಾರ. ಸುತ್ತಲಿನ ಮದುವೆಗಳಿಗೆಲ್ಲ ವಿಡಿಯೊ ತೆಗೆಯಲು ಭಾವನೇ ಹೋಗಬೇಕು. ಮೆತ್ತಗಿನ ಮನುಷ್ಯ, ಧಾರೆ ಎರೆಯುವಾಗ ಮದುಮಗಳ ತಾಯಿಗೆ ಅಡ್ಡ ನಿಲ್ಲದೆ ಚಿತ್ರ ತೆಗೆಯುವ ಕಲೆ ಅವರೊಬ್ಬರಿಗೇ ಗೊತ್ತು ಎಂದು ಜನ ಹೇಳುತ್ತಿದ್ದರು. ಮನೆಯಲ್ಲಿ ಅವರು, ಅಕ್ಕ, ಅವರ ತಾಯಿ, ಮೂರೇ ಜನ. ಮಕ್ಕಳಿರಲಿಲ್ಲ. ಆ ಮನೆಯ ದೇವರ ಜಗಲಿಯ ಮೇಲೆ ಬೆಳಿಗ್ಗೆ, ಸಂಜೆ ದೀಪ ಹಚ್ಚುವುದು ಅಕ್ಕನ ಕೆಲಸ. ಮದುವೆಯಾಗಿ ಹೋದ ವಾರದಲ್ಲೇ ಅತ್ತೆ ಬೆಂಕಿಪೊಟ್ಟಣವನ್ನು ಇವಳ ಕೈಗಿತ್ತಿದ್ದರಂತೆ. ಅಕ್ಕ ಅದನ್ನು ತೌರಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಳು.

ಭಾವನಿಗೆ ಕಾಲೇಜಿನಲ್ಲಿ ಎನ್‌ಸಿಸಿ ಮಾಡುವಾಗ ಮಾದರಿ ವಿಮಾನ ಹಾರಿಸುವ ಹುಚ್ಚು ಹತ್ತಿತ್ತು. ಮದುವೆಗಳಿಲ್ಲದ ತಿಂಗಳುಗಳಲ್ಲಿ ಅದೇ ಧ್ಯಾನ. ಬೆಂಗಳೂರಿನಲ್ಲಿ ಯಾರೋ ಬಳಸಿ ಬಿಟ್ಟ ರೇಡಿಯೊ ಸೆಟ್ಟು, ಒಂದು ಪುಟ್ಟ ಮೋಟರು ತಂದುಕೊಂಡರು. ವಿಮಾನಕ್ಕೆ ಬೇಕಾದ ಹಗುರ ಮರ ನಮ್ಮ ಕಡೆ ಎಲ್ಲಿ ಸಿಗಬೇಕು? ಸೊರಬದಲ್ಲಿ ಬಾಸಿಂಗ ಮಾಡುವವರ ಹತ್ತಿರ ಬೆಂಡು ಕೊಂಡು, ಅದನ್ನೇ ಕೊಯ್ದು ರೆಕ್ಕೆ ಮಾಡಿದರು. ಒಳಗೆ ಬಿದಿರಿನ ಸೀಳು, ಮೇಲೆ ಗಾಳಿಪಟದ ಕಾಗದ. ಮದುಮಕ್ಕಳ ಹಣೆಗೆ ಕಟ್ಟುವ ವಸ್ತು ಆಕಾಶಕ್ಕೆ ಹೋಗುತ್ತದೆ ಎಂದು ನಾನು ಗೇಲಿ ಮಾಡಿದೆ. ಆದರೂ ಬ್ಯಾಟರಿಯ ವಿಷಯ ಬಂದಾಗ ಅವರು ನನ್ನನ್ನೇ ಕರೆದರು, ನಾನೂ ಮೂಗು ತೂರಿಸಿದೆ. ಒಂದೇ ತಿಂಗಳಲ್ಲಿ ಆ ಹುಚ್ಚು ನನಗೂ ಅಂಟಿತು.

ಆಗ ಬಳಸುತ್ತಿದ್ದುದು ನಿಕ್ಕಲ್ ಕ್ಯಾಡ್ಮಿಯಂ ಸೆಲ್ಲುಗಳು, ಎಂಟನ್ನು ಒಟ್ಟಿಗೆ ಬೆಸೆದ ಒಂದು ಕಟ್ಟು. ಅವುಗಳ ಸ್ವಭಾವ ಬೇರೆ. ಅರ್ಧ ಖಾಲಿಯಾದಾಗಲೇ ಚಾರ್ಜಿಗೆ ಹಾಕುತ್ತ ಬಂದರೆ ಬರುಬರುತ್ತ ಅರ್ಧದಷ್ಟೇ ಕೆಲಸ ಮಾಡುತ್ತವೆ, ಆದ್ದರಿಂದ ಪೂರ್ತಿ ಇಳಿಸಿಯೇ ತುಂಬಿಸಬೇಕು ಎಂಬುದು ನಮ್ಮ ಕಸುಬಿನವರ ನಂಬಿಕೆ. ತುಂಬಿದ ಮೇಲೆ ಬೆಚ್ಚಗಾಗುತ್ತವೆ, ಅದೇ ಗುರುತು. ಭಾವನಿಗೆ ಇದೆಲ್ಲ ನೆನಪಿರುವುದಿಲ್ಲ ಎಂದು ನಾನೇ ಒಂದು ರಟ್ಟಿನ ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದು, ಸ್ಟುಡಿಯೊದ ಚಾರ್ಜ್ ಮೇಜಿನ ಮೇಲಿನ ಗೋಡೆಗೆ ಅಂಟಿಸಿದೆ. ಪೂರ್ತಿ ಇಳಿಸು. ಆಮೇಲೆ ಏರಿಸು. ಕೆನ್ನೆಗೆ ಹಿಡಿದು ನೋಡು, ಬೆಚ್ಚಗಾಗಿದ್ದರೆ ತೆಗಿ. ಕೆಳಗೆ ದೊಡ್ಡ ಸಾಹೇಬನ ಹಾಗೆ ರುಜು ಬೇರೆ ಹಾಕಿದೆ. ಭಾವನ ಬೆರಳು ನನ್ನ ಬೆರಳಿನ ಹಾಗೆ ಆಸಿಡ್ ತಿಂದದ್ದಲ್ಲ. ಫಿಲ್ಮ್ ಹಿಡಿಯುವ ನವಿರಾದ ಬೆರಳು, ಮುಟ್ಟಿದರೆ ಸಾಕಿತ್ತು. ಆದರೂ ಅವರು ನಾನು ಬರೆದ ಹಾಗೆಯೇ ಕೆನ್ನೆಗೆ ಹಿಡಿದು ನೋಡುತ್ತಿದ್ದರು. ನೋಡಿ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸುತ್ತಿದ್ದರು.

ಬೇಸಿಗೆಯಲ್ಲಿ ಬಳ್ಳಿಗಾವಿಯ ಹತ್ತಿರ ನೀರು ಹಿಂದೆ ಸರಿದ ಕೆರೆಯಂಗಳದಲ್ಲಿ ಹಾರಿಸುತ್ತಿದ್ದೆವು. ಒಮ್ಮೆ ಗುಡವಿಯ ಪಕ್ಷಿಧಾಮದ ಕಡೆ ಹೋಗಿ, ಹಕ್ಕಿಗಳು ಬೆದರುತ್ತವೆ ಎಂದು ಅಲ್ಲಿನ ಕಾವಲಿನವರಿಂದ ಬೈಸಿಕೊಂಡು ಬಂದದ್ದೂ ಆಯಿತು. ಹಾರಿಸುತ್ತಿದ್ದೆವು ಎನ್ನುವುದು ದೊಡ್ಡ ಮಾತು. ವಿಮಾನ ಏಳುತ್ತಿತ್ತು, ಒಂದು ಸುತ್ತು ಹಾಕುತ್ತಿತ್ತು, ಸೆಲ್ಲುಗಳ ಭಾರಕ್ಕೆ ಸೋತು ಇಳಿಯುತ್ತಿತ್ತು. ಬೆಂಡಿನ ಹಕ್ಕಿಯ ಹೊಟ್ಟೆಗೆ ಕಲ್ಲು ಕಟ್ಟಿದ ಹಾಗೆ ಎಂದು ಭಾವ ನೊಂದುಕೊಳ್ಳುತ್ತಿದ್ದರು.

ದಶಕದ ಕೊನೆಕೊನೆಗೆ ಭಾವ ಅಂಗೈಯಗಲದ ಹೊಸ ವಿಡಿಯೊ ಕ್ಯಾಮೆರಾ ಕೊಂಡರು. ಅದರ ಬ್ಯಾಟರಿ ಲಿಥಿಯಂ. ನಾನು ಮೊದಲ ಸಲ ಕೈಯಲ್ಲಿ ಹಿಡಿದಾಗ ಒಳಗೆ ಏನೂ ಇಲ್ಲವೇನೋ ಅನ್ನಿಸಿತು, ಅಷ್ಟು ಹಗುರ. ಮರುವರ್ಷ ಅದರ ಜೊತೆ ಬಂದಿದ್ದ ಎರಡು ಬ್ಯಾಟರಿಗಳಲ್ಲಿ ಒಂದರ ಕೊಂಡಿ ಮುರಿದು ಕ್ಯಾಮೆರಾಕ್ಕೆ ಕೂರದಾಯಿತು. ಇದರೊಳಗಿನ ಸೆಲ್ಲನ್ನೇ ವಿಮಾನಕ್ಕೆ ಹಾಕಿದರೆ ಹೇಗೆ ಎಂದು ಭಾವ ಕೇಳಿದರು. ಜೊತೆಗೆ, ಪೆಟ್ಟಿಗೆಯಲ್ಲಿ ಬಂದಿದ್ದ ಇಂಗ್ಲಿಷಿನ ಮಡಿಕೆ ಕಾಗದವನ್ನೂ ನನ್ನ ಮುಂದಿಟ್ಟರು. ಓದು, ಇದರಲ್ಲಿ ಏನೋ ಬಹಳ ಎಚ್ಚರಿಕೆ ಬರೆದಿದ್ದಾರೆ ಎಂದರು. ಬಿಚ್ಚಬೇಡಿ, ಬೇರೆ ಚಾರ್ಜರ್ ಬಳಸಬೇಡಿ, ಬಿಸಿ ಮಾಡಬೇಡಿ ಎಂದು ಉದ್ದಕ್ಕೂ ಇತ್ತು. ಒಂದು ಚಿತ್ರದ ಮೇಲೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಬೆಂಕಿಯ ಗುರುತು ಹಾಕಿದ್ದರು. ನಾನು ಓದಿದೆ. ಓದಿ, ಹೊಸದು ಮಾರಲು ಕಂಪನಿಯವರು ಹೀಗೆಲ್ಲ ಹೆದರಿಸುತ್ತಾರೆ, ಬ್ಯಾಟರಿ ಎಂದರೆ ಎಲ್ಲ ಬ್ಯಾಟರಿಯೇ ಎಂದೆ. ನನಗೆ ಗೊತ್ತಿಲ್ಲ ಎಂಬ ಎರಡು ಪದ ಆಗ ನನ್ನ ಬಾಯಲ್ಲಿ ಹೊರಳುತ್ತಿರಲಿಲ್ಲ.

ನನ್ನ ಕೈಯಿಂದಲೇ ಬಿಚ್ಚಿದೆ. ಒಳಗೆ ಎರಡು ಸೆಲ್ಲು, ಅವುಗಳ ತಲೆಯ ಮೇಲೆ ಬೆರಳಿನುಗುರಿನಷ್ಟು ಅಗಲದ ಒಂದು ಹಸಿರು ಹಲಗೆ. ಮೋಟರಿಗೆ ಜೋಡಿಸಿ ಜೋರು ಕೊಟ್ಟಾಗಲೆಲ್ಲ ಆ ಹಲಗೆ ಕರೆಂಟನ್ನು ಕತ್ತರಿಸಿಬಿಡುತ್ತಿತ್ತು. ಇದೊಂದು ದಂಡಪಿಂಡ ಎಂದು ಬೈದು, ಕಾದ ಸಾಲ್ಡರ್ ಕಡ್ಡಿ ಇಟ್ಟು ಅದನ್ನು ಕಿತ್ತೆಸೆದೆ. ಸೆಲ್ಲನ್ನು ಅತಿಯಾಗಿ ಇಳಿಯದ ಹಾಗೆ, ಅತಿಯಾಗಿ ಏರದ ಹಾಗೆ ಕಾಯುವುದೇ ಅದರ ಕೆಲಸ ಎಂದು ನನಗೆ ತಿಳಿದದ್ದು ಆಮೇಲೆ. ಕಾವಲಿನವನನ್ನು ಹೊರಗೆ ತಳ್ಳಿ ಬಾಗಿಲು ತೆರೆದಿಟ್ಟೆ.

ಆ ಬೇಸಿಗೆಯಲ್ಲಿ ವಿಮಾನ ಹಾರಿದ್ದನ್ನು ನಾನು ಮರೆಯಲಾರೆ. ಭಾವ ಕೈ ಬಿಟ್ಟ ಕೂಡಲೇ ಅದು ಕೆರೆಯ ಏರಿಯನ್ನು ದಾಟಿ ಮೇಲೆ ಹೋಯಿತು. ಒಂದಲ್ಲ, ಎರಡಲ್ಲ, ಎಣಿಕೆ ತಪ್ಪುವಷ್ಟು ಸುತ್ತು. ಸೌದೆ ಹೊತ್ತು ಹೋಗುತ್ತಿದ್ದ ಹೆಂಗಸರು ಹೊರೆ ಇಳಿಸಿ ನೋಡಿದರು. ಭಾವ ಬಲಗಣ್ಣನ್ನು ಕಿರಿದು ಮಾಡಿ, ಕ್ಯಾಮೆರಾದಲ್ಲಿ ನೋಡುವ ಹಾಗೆಯೇ ಅದನ್ನು ನೋಡುತ್ತಿದ್ದರು. ಇಳಿಸಿದ ಮೇಲೆ ಬಂದು ನನ್ನ ಬೆನ್ನು ತಟ್ಟಿದರು. ಅಷ್ಟು ಸಂತೋಷವನ್ನು ಅವರ ಮುಖದಲ್ಲಿ ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ, ಆಮೇಲೆ ಕಾಣುವ ಯೋಗವೂ ಬರಲಿಲ್ಲ.

ಮಳೆ ಹಿಡಿಯಿತು, ವಿಮಾನ ಅಟ್ಟಕ್ಕೆ ಹೋಯಿತು. ಎತ್ತಿಡುವ ಮುನ್ನ ನನ್ನ ಚೀಟಿಯ ಮೊದಲ ಸಾಲಿನಂತೆ, ಒಂದು ಪುಟ್ಟ ಬಲ್ಬು ಸಿಕ್ಕಿಸಿ ಅದು ಆರುವವರೆಗೆ ಭಾವ ಸೆಲ್ಲನ್ನು ಇಳಿಸಿದರು. ಲಿಥಿಯಂ ಸೆಲ್ಲನ್ನು ಹಾಗೆ ತಳ ಕೆರೆದು ಇಳಿಸಿದರೆ ಒಳಗೆ ಕೆಟ್ಟುಹೋಗುತ್ತದೆ, ಮತ್ತೆ ತುಂಬಿಸಲು ಹೋಗಬಾರದು. ಒಂದಕ್ಕೆ ಆರೈಕೆಯಾದದ್ದು ಇನ್ನೊಂದಕ್ಕೆ ವಿಷ. ಮಳೆಗಾಲ ಪೂರ್ತಿ ಅದು ಹಾಗೇ ಅಟ್ಟದಲ್ಲಿತ್ತು.

ಆಯುಧ ಪೂಜೆ ಬಂತು. ಎರಡು ದಿನ ಮುಂಚೆಯೇ ಫೋನ್ ಮಾಡಿ, ಎಲ್ಲವನ್ನೂ ತುಂಬಿಸಿ ಪೂಜೆಗಿಡಿ, ವಿಮಾನದ್ದೂ ಬಿಡಬೇಡಿ ಎಂದು ಭಾವನಿಗೆ ಹೇಳಿದವನು ನಾನೇ. ಅವರು ಹಿಂದಿನ ದಿನ ಮಧ್ಯಾಹ್ನ ಅದನ್ನು ನಿಕ್ಕಲ್ ಸೆಲ್ಲಿನ ಹಳೆಯ ಚಾರ್ಜರಿಗೆ ಸಿಕ್ಕಿಸಿದರು. ಬೇಸಿಗೆಯಲ್ಲಿಯೂ ಅದಕ್ಕೇ ಹಾಕಿ ತುಂಬಿಸುತ್ತಿದ್ದೆವು. ನಾನು ಗಡಿಯಾರ ನೋಡಿಕೊಂಡು ತೆಗೆಯುತ್ತಿದ್ದೆನಾದ್ದರಿಂದ ಏನೂ ಆಗಿರಲಿಲ್ಲ, ಅಷ್ಟೆ. ಆದರೆ ಚೀಟಿಯಲ್ಲಿ ಗಡಿಯಾರದ ಮಾತಿರಲಿಲ್ಲ.

ಪೂಜೆಯ ದಿನ ಬೆಳಿಗ್ಗೆ ಅಂಗಡಿಯ ಮುಂದೆ ಟ್ರ್ಯಾಕ್ಟರಿನವರ ಸಾಲು. ಎಲ್ಲರಿಗೂ ತಮ್ಮ ಬ್ಯಾಟರಿ ಆಗಲೇ ಬೇಕು, ಗಾಡಿ ತೊಳೆದು ಹೂವು ಏರಿಸಬೇಕು. ಅದರ ನಡುವೆ ಫೋನು. ಭಾವ.

“ಮಾರಾಯ, ನಿನ್ನೆ ಮಧ್ಯಾಹ್ನದಿಂದ ಹಾಕಿದೀನಿ, ಇನ್ನೂ ತಣ್ಣಗೇ ಐತೆ. ತೆಗೀಲಾ?”

ಬೆಚ್ಚಗಾಗದೆ ತೆಗೆದರೆ ತುಂಬಿರುವುದಿಲ್ಲ, ಬೆಚ್ಚಗಾಗಲಿ ಎಂದೆ. ಅವರು ಫೋನ್ ಇಡಲಿಲ್ಲ. ಅದರ ಹತ್ತಿರ ಹೋದರೆ ಎಂಥದೋ ಸಿಹಿ ವಾಸನೆ, ಹಣ್ಣು ಕೊಳೆತ ಹಾಗೆ ಬರುತ್ತಿದೆ ಎಂದರು. ನನ್ನ ಹಿಂದೆ ಯಾರೋ ಅವಸರ ಮಾಡುತ್ತಿದ್ದರು.

“ಅದು ನಿಮ್ಮ ಪೂಜಿ ಬಾಳೆಹಣ್ಣಿನ ವಾಸನಿ ಇರ್ಬೇಕು, ಭಾವ. ಚೀಟಿ ನೋಡಿಕೊಂಡು ಮಾಡ್ರಿ,” ಎಂದು ನಕ್ಕು ಫೋನ್ ಇಟ್ಟುಬಿಟ್ಟೆ.

ಸೆಲ್ಲಿನ ಒಳಗಿನ ದ್ರವ ಸೋರಿದಾಗ ಅಂಥದೇ ವಾಸನೆ ಬರುತ್ತದೆ. ಆ ವಾಸನೆ ಬಂದ ಕೂಡಲೇ ಪ್ಲಗ್ ಕಿತ್ತು, ಕೈಯಲ್ಲಿ ಎತ್ತದೆ, ಮರಳು ಸುರಿದು ದೂರ ನಿಲ್ಲಬೇಕು. ಈಗ ಕಂಠಪಾಠ ಹೇಳುತ್ತೇನೆ. ಲಿಥಿಯಮ್ಮಿಗೆ ಅದರದೇ ಚಾರ್ಜರು ಬೇಕು, ಅದನ್ನು ಪೂರ್ತಿ ಇಳಿಸಬಾರದು, ಬಿಟ್ಟು ಬೇರೆ ಕೆಲಸಕ್ಕೆ ಹೋಗಬಾರದು, ಅದು ಬೆಚ್ಚಗಾಯಿತೆಂದರೆ ತುಂಬಿತು ಎಂದಲ್ಲ, ಎಡವಟ್ಟಾಯಿತು ಎಂದು. ಇಷ್ಟನ್ನೂ ನಾನು ಕಲಿತೆ, ಬೆಲೆ ತೆತ್ತವನು ನಾನಲ್ಲ.

ಉಳಿದದ್ದು ನಾನು ಅಕ್ಕನಿಂದ ಕೇಳಿದ್ದು. ಸ್ಟುಡಿಯೊದಲ್ಲಿ ಉದ್ದ ಮೇಜಿಗೆ ಬಿಳಿ ಪಂಚೆ ಹಾಸಿ ಕ್ಯಾಮೆರಾ, ಸ್ಟ್ಯಾಂಡು, ದೀಪದ ಕಂಬ, ವಿಮಾನ ಎಲ್ಲಕ್ಕೂ ವಿಭೂತಿ, ಕುಂಕುಮ ಇಟ್ಟು ಚೆಂಡುಹೂವು ಏರಿಸಿದ್ದರು. ಒಂದು ತುದಿಗೆ ಅಕ್ಕ ಹಚ್ಚಿದ ದೀಪ. ಇನ್ನೊಂದು ತುದಿಯಲ್ಲಿ, ಚಾರ್ಜರಿನ ವೈರು ಕಳಚದೆಯೇ ಇಟ್ಟ ಆ ಸೆಲ್ಲು. ಮಂಗಳಾರತಿ ಆಗಿ ಎಲ್ಲರೂ ಊಟಕ್ಕೆ ಒಳಗೆ ಹೋದರು. ಹೋಳಿಗೆ ಬಡಿಸುವ ಹೊತ್ತಿಗೆ ಭಾವ, ಒಂದು ನಿಮಿಷ ಬಂದೆ ಎಂದು ಎದ್ದು ಸ್ಟುಡಿಯೊಕ್ಕೆ ಹೋದರು. ಸೆಲ್ಲನ್ನು ಎತ್ತಿ ಬಲಗೆನ್ನೆಗೆ ಹಿಡಿದರು.

ಪಟಾಕಿ ಹೊಡೆದ ಹಾಗೆ ಸದ್ದಾಯಿತಂತೆ, ಆಮೇಲೆ ಸುಯ್ಯೆಂದು ಬೆಂಕಿ ಉಗುಳಿದ ಸದ್ದು. ಅಕ್ಕ ಓಡಿ ಬಂದಾಗ ಕೋಣೆ ತುಂಬ ಹೊಗೆ, ಹಾಸಿದ ಪಂಚೆ ಹತ್ತಿ ಉರಿಯುತ್ತಿತ್ತು, ಬೆಂಡಿನ ವಿಮಾನ ಅದಾಗಲೇ ಇರಲಿಲ್ಲ. ಭಾವ ಮುಖ ಮುಚ್ಚಿಕೊಂಡು ನೆಲದ ಮೇಲೆ ಕೂತಿದ್ದರು. ಕೂಗಲಿಲ್ಲವಂತೆ.

ನಾನು ಶಿವಮೊಗ್ಗದ ಆಸ್ಪತ್ರೆಗೆ ಹೋಗುವ ಹೊತ್ತಿಗೆ ವೈದ್ಯರು ನೋಡಿ ಆಗಿತ್ತು. ಕೆನ್ನೆ, ಕಿವಿ, ಬಲಗೈ ಬೆಂದಿದ್ದವು, ಅವು ವಾಸಿಯಾಗುತ್ತವೆ, ಬಲಗಣ್ಣು ಮಾತ್ರ ಉಳಿಯುವುದಿಲ್ಲ ಎಂದರು. ಕ್ಯಾಮೆರಾಕ್ಕೆ ಇಡುವ ಕಣ್ಣು ಅದು. ಹೊರಗಿನ ಜಗಲಿಯ ಬೆಂಚಿನ ಮೇಲೆ ಭಾವನ ತಾಯಿ ಕೂತಿದ್ದರು, ಕಂಬಕ್ಕೆ ಒರಗಿ ಅಕ್ಕ ನಿಂತಿದ್ದಳು. ಅವಳ ಕೈಯಲ್ಲಿ ಭಾವನ ಸುಟ್ಟ ಅಂಗಿ ಇದ್ದ ಚೀಲ.

ಆ ತಾಯಿ ದಾರಿಯುದ್ದಕ್ಕೂ ಒಂದೇ ಮಾತು ಆಡಿಕೊಂಡು ಬಂದಿದ್ದರಂತೆ. ಮೇಜಿನ ಮೇಲೆ ದೀಪ ಇಟ್ಟದ್ದಕ್ಕೇ ಹೀಗಾಯಿತು, ಇವಳಿಗೆ ಜಾಗ ನೋಡಿ ದೀಪ ಇಡಲು ತಿಳಿಯಲಿಲ್ಲ ಎಂದು. ನನ್ನನ್ನು ಕಂಡ ಕೂಡಲೇ ಹತ್ತಿರ ಕರೆದರು. ಕೆಟ್ಟ ಹೆಂಗಸಲ್ಲ ಅವರು. ನಿಜವಾಗಿಯೂ ತಿಳಿದುಕೊಳ್ಳಲಿಕ್ಕೇ ಕೇಳಿದರು.

“ನೀನು ಬ್ಯಾಟ್ರಿ ಬಲ್ಲವ. ನಿಜ ಹೇಳು. ದೀಪದ ಶಾಖಕ್ಕೆ ಹಿಂಗಾಗ್ತದಾ?”

ದೀಪ ಮೇಜಿನ ಆ ತುದಿಯಲ್ಲಿತ್ತು, ಸೆಲ್ಲು ಈ ತುದಿಯಲ್ಲಿತ್ತು. ಆಗುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಕ್ಷಣದಲ್ಲಿ ನನ್ನ ಕಣ್ಣ ಮುಂದೆ ಬಂದದ್ದು ನನ್ನ ಚೀಟಿ, ಅದರ ಕೆಳಗಿನ ರುಜು, ಬಾಳೆಹಣ್ಣಿನ ವಾಸನೆ ಎಂದು ನಕ್ಕ ನನ್ನ ನಗು. ಅಂಗಡಿಯ ಹೆಸರು ಹೋಗುತ್ತದೆ, ಬೀಡಿ ಕಿತ್ತೆಸೆದವನ ಮುಂದೆಯೇ ಊರು ನಗುತ್ತದೆ ಎಂದೆಲ್ಲ ಹೊಳೆಯಿತು. ಹೇಡಿಯಾದೆ.

“ಆಗಬಹುದು,” ಎಂದೆ.

ಅಕ್ಕ ನನ್ನ ಕಡೆ ನೋಡಿದಳು. ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡಳು, ಅಷ್ಟೆ.

ಎರಡು ದಿನ ಬಿಟ್ಟು, ಸ್ಟುಡಿಯೊ ಗುಡಿಸುವ ನೆಪ ಮಾಡಿಕೊಂಡು ಸೊರಬಕ್ಕೆ ಹೋದೆ. ನಿಜವಾಗಿ ಹೋದದ್ದು ಚೀಟಿ ಕೀಳಲಿಕ್ಕೆ. ಗೋಡೆ ಮಸಿಯಾಗಿತ್ತು, ಚೀಟಿ ಇರಲಿಲ್ಲ. ಬೆಂಕಿಗೆ ಹೋಯಿತು ಎಂದುಕೊಂಡೆ. ನನಗೆ ಆಗ ಅನಿಸಿದ್ದು ಸಮಾಧಾನ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಸಮಾಧಾನವೇ.

ಆಸ್ಪತ್ರೆಯಿಂದ ಬಂದ ಮೇಲೆ ಭಾವ ಮದುವೆಗಳಿಗೆ ಹೋಗಲಿಲ್ಲ. ಎಡಗಣ್ಣಿನಿಂದ ರೂಢಿ ಮಾಡಿಕೊಳ್ಳಲು ನೋಡಿದರು, ಆದರೆ ಮುಖ ಕಂಡ ಜನ ಶುಭಕಾರ್ಯಕ್ಕೆ ಕರೆಯಲು ಹಿಂಜರಿದರು. ಪಾಸ್‌ಪೋರ್ಟ್ ಸೈಜಿನ ಫೋಟೊ, ಶಾಲೆಯ ಅರ್ಜಿಗಳ ಫೋಟೊ, ಇಷ್ಟಕ್ಕೆ ಸ್ಟುಡಿಯೊ ಇಳಿಯಿತು. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಹೋದಾಗಲೆಲ್ಲ, ಬಾ ಮಾರಾಯ ಎಂದೇ ಕರೆಯುತ್ತಿದ್ದರು. ಸುಟ್ಟ ಕೆನ್ನೆ ಒಂದು ಕಡೆ ಜಗ್ಗಿಕೊಂಡು ಅವರ ನಗು ಅರ್ಧಕ್ಕೇ ನಿಲ್ಲುತ್ತಿತ್ತು.

ಅಕ್ಕನಿಗಾದದ್ದು ಹೊರಗೆ ಕಾಣುವ ಗಾಯವಲ್ಲ. ಆಸ್ಪತ್ರೆಯಿಂದ ಮರಳಿದ ದಿನವೇ ಅತ್ತೆ ದೇವರ ಜಗಲಿಯ ಬೆಂಕಿಪೊಟ್ಟಣವನ್ನು ತಮ್ಮ ಮಡಿಲಿಗೆ ಹಾಕಿಕೊಂಡು, ಇನ್ನು ಮೇಲೆ ನೀನು ದೀಪ ಹಚ್ಚುವುದು ಬೇಡ ಎಂದರಂತೆ. ಬೈಯಲಿಲ್ಲ, ಹೊಡೆಯಲಿಲ್ಲ. ಅಡುಗೆ ಇವಳದೇ, ಹೂವು ಕಟ್ಟುವುದು ಇವಳದೇ, ಜಗಲಿ ಸಾರಿಸುವುದೂ ಇವಳದೇ, ಬತ್ತಿ ಹೊಸೆದು ಎಣ್ಣೆ ಹಾಕಿಡುವುದೂ. ಹಚ್ಚುವ ಹೊತ್ತಿಗೆ ಮಾತ್ರ ಅತ್ತೆ ಬರಬೇಕು. ನೆಂಟರ ಮನೆಯಲ್ಲಿ ಶುಭಕಾರ್ಯವಾದರೂ, ಇವಳ ಕೈಗೆ ಆರತಿ ತಟ್ಟೆ ಕೊಡಬೇಡಿ ಎಂದು ಅವರು ಮೆಲ್ಲಗೆ ಹೇಳುವುದನ್ನು ನಾನೇ ಕೇಳಿಸಿಕೊಂಡೆ. ಆಗಲೂ ಬಾಯಿ ಬಿಡಲಿಲ್ಲ. ಬಾವಿ ನೀರಿಗೆ ಅಷ್ಟು ಕೂಗಾಡುತ್ತಿದ್ದ ಬಾಯಿ ಅದು.

ತಿಂಗಳಿಗೊಮ್ಮೆ ಸೊರಬದ ಬಸ್ಸು ಹತ್ತುತ್ತಿದ್ದೆ. ಪ್ರತಿ ಸಲವೂ ಈ ಸಲ ಹೇಳಿಬಿಡಬೇಕು ಎಂದು ಹೊರಡುತ್ತಿದ್ದೆ. ಬಸ್ಸು ಇಳಿದು ಸೇಬು ಕೊಳ್ಳುವಾಗ, ಇವತ್ತು ಬೇಡ, ಭಾವನ ತಾಯಿಗೆ ಮೈ ಸರಿಯಿಲ್ಲವಂತೆ, ಹಬ್ಬ ಕಳೆಯಲಿ, ಮಳೆ ನಿಲ್ಲಲಿ ಎಂದು ಏನಾದರೊಂದು ಸಿಗುತ್ತಿತ್ತು. ಸೇಬು ಕೊಟ್ಟು, ಕಾಫಿ ಕುಡಿದು ಬರುತ್ತಿದ್ದೆ. ಅಕ್ಕ ಬಾಗಿಲವರೆಗೆ ಬಂದು ಏನಾದರೂ ಹೇಳುವುದಿತ್ತಾ ಎಂದು ಕೇಳುತ್ತಿದ್ದಳು. ಏನಿಲ್ಲ ಎನ್ನುತ್ತಿದ್ದೆ. ಅವಳು ಪ್ರತಿ ಸಲವೂ ಅದನ್ನೇ ಕೇಳುತ್ತಾಳೆ ಎಂಬುದು ನನ್ನ ದಡ್ಡ ತಲೆಗೆ ಹೊಳೆಯಲೇ ಇಲ್ಲ.

ಮರುವರ್ಷದ ಚಳಿಯಲ್ಲಿ ಭಾವನ ತಾಯಿ ನಾಲ್ಕು ದಿನದ ಜ್ವರಕ್ಕೆ ಹೋಗಿಬಿಟ್ಟರು. ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ, ಇಳಿಹೊತ್ತಿನಲ್ಲಿ ನಡುಮನೆಯಲ್ಲಿ ನಾವು ಮೂವರೇ ಉಳಿದೆವು. ಗೋಡೆಗೆ ಒರಗಿದ್ದವನು ಒಮ್ಮೆಗೇ ಹೇಳಲು ಶುರು ಮಾಡಿದೆ. ಮೊದಲು ಹಸಿರು ಹಲಗೆ, ಆಮೇಲೆ ಇಂಗ್ಲಿಷಿನ ಕಾಗದ, ಸಿಹಿ ವಾಸನೆ, ಚೀಟಿ, ಆಸ್ಪತ್ರೆಯ ಬೆಂಚು. ತಡವರಿಸುತ್ತ, ಅಳುತ್ತ ಹೇಳಿದೆ. ದೀಪದಿಂದ ಏನೂ ಆಗಿರಲಿಲ್ಲ ಎಂದೆ. ಭಾವ ಕೆಳಗೆ ನೋಡುತ್ತ ಕೂತಿದ್ದರು. ಅಕ್ಕ ಎದ್ದು ಒಳಗೆ ಹೋಗಿ, ಟ್ರಂಕಿನಿಂದ ಒಂದು ಮಡಿಸಿದ ಕರ್ಚೀಫು ತಂದು ನನ್ನ ಮುಂದೆ ಬಿಚ್ಚಿದಳು. ಒಳಗೆ ನನ್ನ ಚೀಟಿ. ಒಂದು ಅಂಚು ಮಾತ್ರ ಸುಟ್ಟಿತ್ತು, ರುಜು ಹಾಗೇ ಇತ್ತು.

“ಸುಟ್ಟ ಕೈಯಾಗ ಇವರೇ ಕಿತ್ತು ನನಗ ಕೊಟ್ಟಿದ್ರು, ಯಾರಿಗೂ ತೋರಿಸಬ್ಯಾಡ ಅಂತ,” ಎಂದಳು. “ಅವತ್ತು ನೀ ಆಗಬಹುದು ಅಂದಾಗ ಇದು ನನ್ನ ಸೆರಗಿನ ಗಂಟಿನಾಗ ಇತ್ತು.”

ಆಗಲೇ ಯಾಕೆ ತೋರಿಸಲಿಲ್ಲ ಎಂದು ಕೇಳಿದೆ. ಕೇಳಬಾರದಿತ್ತು.

“ನನ್ನ ತಮ್ಮ ತಾನೇ ಹೇಳ್ತಾನ ಅಂತ ಕಾದೆ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ಆಗಿದ್ದಾಯಿತು, ಇನ್ನಾದರೂ ನೀನೇ ದೀಪ ಹಚ್ಚು ಅಕ್ಕ, ಇನ್ನು ತಡೆಯುವವರು ಯಾರೂ ಇಲ್ಲವಲ್ಲ ಎಂದೆ. ಅಂಥ ಹೊತ್ತಿನಲ್ಲೂ ನನಗೆ ಯಾರಿಗಾದರೂ ಏನಾದರೂ ಹೇಳಿಕೊಡುವ ಚಟ.

ಅಕ್ಕ ಚೀಟಿಯನ್ನು ಮಡಿಸಿ ನನ್ನ ಕೈಗಿಟ್ಟಳು. “ಬ್ಯಾಡ ಅಂದೋರು ಅತ್ತಿ. ಹಚ್ಚು ಅಂತ ಅವರೇ ಹೇಳ್ಬೇಕಿತ್ತು. ನೀ ಹೇಳ್ಬೇಕಾಗಿದ್ದು ಅವರಿಗೆ, ನನಗಲ್ಲ.”

ಹೊರಗೆ ಸಂಜೆಯಾಗುತ್ತಿತ್ತು. ಬತ್ತಿ ಹೊಸೆದು, ಎಣ್ಣೆ ಹಾಕಿ ಅವಳು ಆಗಲೇ ಇಟ್ಟಿದ್ದಳು. ಭಾವ ಎದ್ದು ದೇವರ ಜಗಲಿಯ ಮುಂದೆ ಕೂತು, ತಾಯಿಯ ಬೆಂಕಿಪೊಟ್ಟಣದಿಂದ ಕಡ್ಡಿ ಗೀರಿದರು. ಒಂದೇ ಕಣ್ಣಿಗೆ ಹತ್ತಿರ, ದೂರ ಸರಿಯಾಗಿ ತಿಳಿಯುವುದಿಲ್ಲ. ಕಡ್ಡಿ ಬತ್ತಿಯ ಪಕ್ಕದಲ್ಲಿ ಹಾದು ಆಚೆ ಹೋಯಿತು. ಬೆರಳು ಸುಡುವವರೆಗೆ ಹಿಡಿದಿದ್ದು ಕೆಳಗೆ ಹಾಕಿದರು. ಎರಡನೆಯದೂ ತಪ್ಪಿತು. ಅಕ್ಕ ಸೆರಗು ಹೊದ್ದು, ಕೈ ಕಟ್ಟಿಕೊಂಡು ಒಂದು ಮಾರು ದೂರದಲ್ಲಿ ನಿಂತಿದ್ದಳು. ಅವರು ಮೂರನೆಯ ಕಡ್ಡಿ ತೆಗೆದಾಗ ನನಗೆ ತಡೆಯಲಾಗದೆ, ಅವರ ಕೈ ಹಿಡಿದು ಬತ್ತಿಗೆ ಮುಟ್ಟಿಸೋಣ ಎಂದು ಮುಂದೆ ಬಾಗಿದೆ.

“ನೀ ಬಿಡು,” ಎಂದಳು ಅಕ್ಕ.

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಭಾವ ಮೂರನೆಯ ಕಡ್ಡಿ ಗೀರಿದರು.